ಅಳು ಕೇಳಿಸದ ತಾಲೀಮು

1938ನೆಯ ಇಸವಿ. ಆಗ ನಾನು ಪುಣೆಯ ಒಂದು ಹಳೆಯ ಪೇಟೆಯಲ್ಲಿ ಶಿಶು ಕಲ್ಯಾಣ ಕೇಂದ್ರದ ಹೆಲ್ತ್ ವಿಜಿಟರ್ ಆಗಿದ್ದೆ. ಇಂಗ್ಲಿಷ್ ಹೆಸರು ಕೇಳಿ ದೊಡ್ಡ ಅಧಿಕಾರವೆಂದು ತಿಳಿಯಬಾರದು. ಮನೆಮನೆಗೆ ಹೋಗುವುದು, ಬಸುರಿ ಬಾಣಂತಿಯರನ್ನು ಮಾತಾಡಿಸುವುದು, ಕೂಸುಗಳ ಕಣ್ಣು, ಕಿವಿ, ಹೊಟ್ಟೆ ನೋಡುವುದು, ಸಂಶಯ ಬಂದರೆ ಡಾಕ್ಟರರ ಹತ್ತಿರ ಕಳಿಸುವುದು, ಕಳಿಸಿದ್ದಕ್ಕೆ ಅತ್ತೆಯಂದಿರಿಂದ ಬೈಸಿಕೊಳ್ಳುವುದು. ಕೆಲಸ ಇಷ್ಟೇ. ಧಾರವಾಡದಲ್ಲಿ ಹುಟ್ಟಿ, ನರ್ಸಿಂಗ್ ಕಲಿತು, ರೇಲ್ವೆ ಗುಮಾಸ್ತರೊಬ್ಬರ ಕೈಹಿಡಿದು ಪುಣೆಗೆ ಬಂದವಳು ನಾನು.

ಚಿಂತೆ ನನ್ನ ಹುಟ್ಟುಗುಣ. ಹಾಲು ಉಕ್ಕಿದರೆ ಉಕ್ಕಿತೆಂಬ ಚಿಂತೆ, ಉಕ್ಕದಿದ್ದರೆ ಗೌಳಿ ನೀರು ಬೆರೆಸಿದನೇನೋ ಎಂಬ ಚಿಂತೆ. "ನಿನಗ ಚಿಂತಿ ಇಲ್ಲದ ದಿನಾ ಬಂದ್ರ ಮೊದಲ ಹೇಳು, ಅವತ್ತ ಆಫೀಸಿಗೆ ರಜಾ ಹಾಕತೀನಿ" ಎಂದು ನಮ್ಮ ಮನೆಯವರು ಮದುವೆಯಾದ ವರ್ಷ ಹೇಳಿದ್ದರು. ಆ ರಜೆ ಇನ್ನೂ ಹಾಗೆಯೇ ಉಳಿದಿದೆ. ನನ್ನ ಈ ಗುಣ ಇಷ್ಟು ವರ್ಷದ ನೌಕರಿಯಲ್ಲಿ ಒಂದೇ ಒಂದು ಸಲ ಸರಿಯಾದ ಕೆಲಸಕ್ಕೆ ಬಂತು. ಆ ಪ್ರಸಂಗವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಪೇಟೆಯಲ್ಲಿ ಗೋವಿಂದಶೇಠರೆಂಬುವರ ಬೀಡಿ ಕಾರಖಾನೆ ಇತ್ತು. ಬೀಡಿ ಸುತ್ತುವವರು ಬಹುತೇಕ ಹೆಂಗಸರು. ಮರಾಠಿ ಮಾತಿನವರು ಕೆಲವರಾದರೆ, ವಿಜಾಪುರ, ಸೊಲ್ಲಾಪುರದ ಕಡೆಯಿಂದ ಬಂದ ನಮ್ಮ ಮಾತಿನವರು ಉಳಿದವರು. ಎಳೆಗೂಸುಗಳನ್ನು ಕಾರಖಾನೆಯೊಳಗೆ ತರುವಂತಿರಲಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರೂ ಇರುತ್ತಿರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ ಬಾಳಗೋಳಿ. ಸಾಸಿವೆ ಕಾಳಿನಷ್ಟು ಕರಿಯ ಗುಳಿಗೆ. ಅದರಲ್ಲಿ ಇರುತ್ತಿದ್ದುದು ಅಫೀಮು. ಬೆಳಿಗ್ಗೆ ಎದೆಹಾಲಿನಲ್ಲಿ ತೇಯ್ದು ನಾಲಿಗೆಗೆ ಹಚ್ಚಿದರೆ ಕೂಸು ಸಂಜೆಯತನಕ ಮಿಸುಕುತ್ತಿರಲಿಲ್ಲ. ಅಳದ ಕೂಸಿಗೆ ಹಸಿವೆಯೂ ಆಗದು, ಮೈಯೂ ಹತ್ತದು. ಒಂದೊಂದು ಕೂಸಂತೂ ಮುದುಕರ ಮುಖ ಹೊತ್ತುಕೊಂಡಿರುತ್ತಿತ್ತು. ಅಳತೆ ತಪ್ಪಿ ಒಂದು ಗುಳಿಗೆ ಹೆಚ್ಚಾದರೆ ಅದು ಏಳುತ್ತಲೇ ಇರಲಿಲ್ಲ.

ತಾಯಂದಿರಿಗೆ ಬುದ್ಧಿ ಹೇಳಿ ನನ್ನ ಬಾಯಿ ಒಣಗಿತು. ಇಂಡಿ ತಾಲೂಕಿನ ನೀಲವ್ವ ಎಂಬ ಹುಡುಗಿ ಒಂದು ದಿನ ನೆಟ್ಟಗೆ ಕೇಳಿದಳು: "ಗೋಳಿ ಬಿಡಂತೀರಿ, ಖರೇ ಬಾಯಾರ. ಕೂಸಿನ್ನ ಎಲ್ಲಿ ಬಿಡಲಿ ಅನ್ನೂದನ್ನೂ ಹೇಳ್ರಿ."

ಅವಳ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೊರಟಾಗಲೇ ಈ ಕಥೆ ಶುರುವಾಯಿತು.

ಹತ್ತು ಮಂದಿಯ ಹುಲ್ಲು ಒಬ್ಬನ ಹೊರೆ ಎನ್ನುತ್ತಾರಲ್ಲ, ಹಾಗೆ ಒಬ್ಬೊಬ್ಬರಿಂದ ಒಂದೊಂದು ಕಡ್ಡಿ ಕೇಳುತ್ತ ಹೋದೆ. ಪೇಟೆಯ ಮಹಿಳಾ ಮಂಡಳದ ಅಧ್ಯಕ್ಷೆಯನ್ನು ಎಲ್ಲರೂ ಕಾಕೂ ಎನ್ನುತ್ತಿದ್ದರು. ಅವರು ಹಾಲು, ಸೀರೆಬಟ್ಟೆ, ಒಬ್ಬ ಆಯಾ, ಇಷ್ಟನ್ನು ಒಪ್ಪಿಕೊಂಡರು. ನಮ್ಮ ಕೇಂದ್ರ ನನ್ನನ್ನು ಕೊಟ್ಟಿತು. ಚಿಂತೆಯನ್ನು ನಾನೇ ತಂದೆ. ಗೋವಿಂದಶೇಠರು, ಹಾಲೂಡಿಸಲು ತಾಯಂದಿರನ್ನು ನಡುನಡುವೆ ಹೊರಗೆ ಬಿಡುತ್ತೇನೆಂದರು. "ಆದರೆ ಬಾಯಿ, ಗದ್ದಲ ಕೇಳಬಾರದು. ಕೂಸು ಅತ್ತರೆ ತಾಯಿಯ ಕೈ ನಿಲ್ಲುತ್ತದೆ" ಎಂದೂ ಸೇರಿಸಿದರು. (ಶೇಠರ, ಕಾಕೂ ಅವರ ಮಾತೆಲ್ಲ ಮರಾಠಿಯವು. ಓದುವವರ ಅನುಕೂಲಕ್ಕೆ ಕನ್ನಡದಲ್ಲಿ ಬರೆದಿದ್ದೇನೆ. ಬಾಯಿ ಎಂದರೆ ಅಮ್ಮಾ ಎಂದಂತೆ.)

ಉಳಿದದ್ದು ಜಾಗದ ಮಾತು. ಕಾರಖಾನೆಯ ಸುತ್ತ ಹಗಲು ಹೊತ್ತು ಖಾಲಿ ಇರುತ್ತಿದ್ದ ಜಾಗ ಒಂದೇ ಒಂದು: ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ತಾಲೀಮು. ಪುಣೆಯಲ್ಲಿ ಗರಡಿಮನೆಗೆ ಹಾಗೆ ಹೆಸರು. ನಸುಕಿನಲ್ಲಿ, ಸಂಜೆ ಪೈಲವಾನರ ಕುಸ್ತಿ ನಡೆಯುತ್ತಿತ್ತು. ನಡುವೆ ಕೆಮ್ಮಣ್ಣಿನ ಅಖಾಡ, ಗೂಡಿನಲ್ಲಿ ಮಾರುತಿ, ಗೋಡೆಗೆ ಒರಗಿದ ಗದೆಗಳು, ಇವು ಬಿಟ್ಟರೆ ಯಾರೂ ಇಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವರು ಯಲ್ಲಪ್ಪ ವಸ್ತಾದರು. ಕುಸ್ತಿ ಕಲಿಸುವ ಗುರುವಿಗೆ ವಸ್ತಾದ ಎನ್ನುತ್ತಾರೆ. ಗೋಕಾಕದ ಕಡೆಯವರು, ಮುರಿದ ಕಿವಿ, ಬಿಳಿಯ ಮೀಸೆ, ಬಾಗಿಲಿಗಿಂತ ಎರಡು ಬೆರಳು ಅಗಲ ಹೆಚ್ಚೇನೋ ಎನ್ನಿಸುವ ಮೈ. ಬಾಗಿಲ ಮುಂದಿನ ಕಟ್ಟೆಯ ಕೆಳಗೆ ನಿಂತು ನಾನು ವಿಷಯ ಹೇಳಿದೆ.

"ಕೂಸುಗಳಿಗೆ ಇಲ್ಲಂದ್ರ ಮಾರುತಿ ಸಿಟ್ಟಾಗತಾನ್ರಿ" ಎಂದರು. "ಆದ್ರ ಬಾಯಾರ, ಹೆಣ್ಣಮಕ್ಕಳು ಹೊಸ್ತಿಲಾ ದಾಟೂ ಹಂಗಿಲ್ಲ. ನಮ್ಮ ದೇವರು ಬ್ರಹ್ಮಚಾರಿ."

"ಹಂಗಾದ್ರ ಕೂಸುಗಳನ್ನ ನೋಡೋರು ಯಾರ್ರಿ?"

ವಸ್ತಾದರು ತಮ್ಮ ಎರಡು ಅಂಗೈಗಳನ್ನು ನೋಡಿಕೊಂಡರು. "ಯಾಕ್ರಿ, ಇವು ಸಾಲೂದಿಲ್ಲೇನು? ನಲವತ್ತ ವರ್ಷ ಮಂದೀನ್ನ ಎತ್ತಿ ಒಗದಾವು. ಎತ್ತಿ ಮಲಗಸ್ಲಿಕ್ಕೆ ಬರೂದಿಲ್ಲಂತೀರಿ?"

ಹೀಗೆ ಹಿಂದೆಂದೂ ಕಂಡಿರದ ಶಿಶುಗೃಹವೊಂದು ಶುರುವಾಯಿತು. ಬೆಳಿಗ್ಗೆ ತಾಯಂದಿರು ಹೊಸ್ತಿಲ ಹೊರಗೆ ನಿಂತು ಕೂಸು ನೀಡುತ್ತಿದ್ದರು. ಒಳಗಿನಿಂದ ವಸ್ತಾದರೋ ಅವರ ಇಬ್ಬರು ಹಳೆಯ ಶಿಷ್ಯರೋ ಎರಡೂ ಕೈಯಿಂದ, ದೇವರ ಪ್ರಸಾದ ತೆಗೆದುಕೊಂಡಂತೆ ತೆಗೆದುಕೊಳ್ಳುತ್ತಿದ್ದರು. ಹಗ್ಗ ಹತ್ತುವ ತೊಲೆಗಳಿಗೆ ಸೀರೆಯ ಜೋಲಿಗಳನ್ನು ಕಟ್ಟಿದರು. ಪೈಲವಾನರ ಮೈ ತಿಕ್ಕಿದ ಕೈಗಳು ಎಣ್ಣೆ ಹಚ್ಚಿ ಎಳೆಯ ಕಾಲು ನೀವಿದವು. ಹೇಲು ಉಚ್ಚೆ ಮಾಡಿಕೊಂಡ ಕೂಸು ಹೊರಗೆ ಆಯಾಳ ಕೈಗೆ ಬರುತ್ತಿತ್ತು, ತೊಳೆಸಿಕೊಂಡು ಮತ್ತೆ ಒಳಗೆ ಹೋಗುತ್ತಿತ್ತು. ಈ ಎಲ್ಲದರ ಮೇಲ್ವಿಚಾರಕಿ ನಾನು, ಒಳಗೆ ಕಾಲಿಡುವಂತಿಲ್ಲದ ಮೇಲ್ವಿಚಾರಕಿ! ಕಟ್ಟೆಯ ಮೇಲೆ ಕೂತು ಚಿಂತಿಸುತ್ತಿದ್ದೆ. ಗದೆ ಉರುಳಿದರೆ? ಕೆಮ್ಮಣ್ಣು ಮೂಗಿಗೆ ಹೋದರೆ? ಜೋಲಿಯ ಗಂಟು ಬಿಚ್ಚಿದರೆ? "ಬಾಯಾರ, ತೊಲಿ ಮುರದ್ರ ಅಂತನೂ ಒಮ್ಮೆ ಕೇಳಿಬಿಡ್ರಿ, ಒಂದ ಉಳದದ" ಎಂದು ವಸ್ತಾದರು ಒಳಗಿನಿಂದಲೇ ಚೇಷ್ಟೆ ಮಾಡುತ್ತಿದ್ದರು. ತೊಲೆಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಅಂದಿನಿಂದ ಅದರ ಚಿಂತೆಯೂ ಶುರುವಾಯಿತು.

ಕೆಲವು ವಾರ ಎಲ್ಲ ಸುಸೂತ್ರ. ಕೂಸುಗಳು ಶಾಂತವಾಗಿರುತ್ತಿದ್ದವು. ಕಾಕೂ ತಮ್ಮ ಗೆಳತಿಯರನ್ನು ಕರೆದುಕೊಂಡು ನೋಡಲು ಬಂದರು. ಹೊಸ್ತಿಲ ಹೊರಗೆ ಸಾಲಾಗಿ ನಿಂತು ಕಿವಿಗೊಟ್ಟರು. ಪಾರಿವಾಳದ ಗುಟುರು ಬಿಟ್ಟರೆ ಏನೂ ಇಲ್ಲ.

"ಎಷ್ಟು ನಿಶ್ಶಬ್ದ! ಶುದ್ಧ ಹಾಲು ಹೊಟ್ಟೆಗೆ ಬಿದ್ದರೆ ಕೂಸು ಯಾಕೆ ಅತ್ತೀತು?" ಎಂದರು ಕಾಕೂ.

"ಶಿಸ್ತು ಬಾಯಿ, ಶಿಸ್ತು" ಎಂದರು ಅಲ್ಲೇ ಬಂದಿದ್ದ ಗೋವಿಂದಶೇಠರು. "ಗದ್ದಲ ಬೇಡ ಎಂದು ನಾನು ಮೊದಲೇ ಹೇಳಿದ್ದೆನಲ್ಲ."

ವಸ್ತಾದರು ಒಳಗಿನಿಂದ ಕೈಮುಗಿದು, "ಎಲ್ಲಾ ಮಾರುತಿ ಕೃಪಾ" ಎಂದರು. ಈ ಮಾತನ್ನು ಅವರು ಆಗಲೇ ಓಣಿತುಂಬ ಹೇಳಿಕೊಂಡು ಬಂದಿದ್ದರು. ಹೆಂಗಸರು ಹೊರಗಿನಿಂದಲೇ ಮಾರುತಿಗೆ ಎಣ್ಣೆ ಕೊಟ್ಟು ಹೋಗತೊಡಗಿದ್ದರು.

ಆ ಹೊಗಳಿಕೆಯಲ್ಲಿ ನನ್ನ ಪಾಲೂ ಒಂದಿಷ್ಟಿತ್ತು. ಬಂದದ್ದನ್ನು ಸುಮ್ಮನೆ ಇಟ್ಟುಕೊಳ್ಳಬಹುದಿತ್ತು. ಆದರೆ ಮನೆಗೆ ಬಂದು ಊಟಕ್ಕೆ ಕೂತಾಗ ಲೆಕ್ಕ ಹಾಕತೊಡಗಿದೆ. ನಮ್ಮ ಮನೆಯಲ್ಲಿ ಒಂದೇ ಕೂಸಿದ್ದಾಗ ಮೂರು ಮನೆ ಆಚೆಯವರು ನಿದ್ದೆಗೆಟ್ಟಿದ್ದರು. ಹದಿನೈದು ಹದಿನಾರು ಕೂಸು ಒಂದೇ ಸೂರಿನ ಕೆಳಗೆ, ಒಂದೂ ಅಳುವುದಿಲ್ಲವೆ?

"ಅತ್ರೂ ಚಿಂತಿ ಮಾಡ್ತಿದ್ದಿ" ಎಂದರು ನಮ್ಮವರು.

"ಅತ್ತಿದ್ರ ಇಷ್ಟ ಮಾಡ್ತಿರಲಿಲ್ರಿ" ಎಂದೆ.

ಮರುದಿನ ನಡುಹಗಲು ಹಾಲೂಡಿಸುವ ಹೊತ್ತಿಗೆ ಕಟ್ಟೆಯ ಮೇಲೆ ಕಾದು ಕೂತೆ. ತಾಯಂದಿರು ಬಂದರು. ನೀಲವ್ವನೂ ಬಂದಳು. ಅವಳ ಮಗ ಸಿದ್ರಾಮ ಮೊಲೆ ಹಿಡಿಯಲಿಲ್ಲ. ಕತ್ತು ಜೋತು ಬೀಳುತ್ತಿತ್ತು. "ನಿದ್ದಿಗಣ್ಣಾಗ ಅದಾನ್ರಿ" ಎಂದು ನನ್ನ ಮುಖ ನೋಡದೆ ಹೇಳಿ, ಹೊಸ್ತಿಲಲ್ಲಿ ಕೂಸನ್ನು ಒಪ್ಪಿಸಿ, ಕಾರಖಾನೆಯ ಗಂಟೆ ಆಗುವ ಮೊದಲೇ ಓಡಿದಳು. ವಸ್ತಾದರ ಕೈಗೆ ಹೋಗುವಾಗ ಸಿದ್ರಾಮನ ರೆಪ್ಪೆ ಅರೆ ತೆರೆದಿತ್ತು. ಬಾಗಿಲ ನೆರಳಿನಲ್ಲಿ ಕಣ್ಣಿನ ಪಾಪೆ ದೊಡ್ಡದಾಗಬೇಕು. ಅವನದು ಗಸಗಸೆ ಕಾಳಿನಷ್ಟೇ ಇತ್ತು. ನರ್ಸಿಂಗ್ ಕಲಿಯುವಾಗ ಮೊದಲ ವರ್ಷವೇ ಕಲಿಸುವ ಪಾಠ ಅದು: ಅಫೀಮು ಹೊಟ್ಟೆಗೆ ಹೋದವರ ಪಾಪೆ ಸೂಜಿಮೊನೆಯಾಗುತ್ತದೆ.

"ವಸ್ತಾದರ, ಉಳಿದ ಕೂಸುಗಳನ್ನ ಒಂದೊಂದ ಬಾಗಿಲಿಗೆ ತರ್ರಿ" ಎಂದೆ. ತಂದರು. ಎರಡನೆಯದೂ ಹಾಗೆಯೇ. ಮೂರನೆಯದೂ. ಅಷ್ಟರಲ್ಲಿ ಸಿದ್ರಾಮನನ್ನು ಜೋಲಿಗೆ ಹಾಕಲು ಹೋದ ಶಿಷ್ಯ ಕೂಗಿದ. ವಸ್ತಾದರು ಒಳಗೆ ಓಡಿದರು.

"ಬಾಯಾರ! ಈ ಹುಡುಗ ಏಳವಲ್ಲ್ರಿ! ಉಸರು... ಉಸರು ನಿಂತ ನಿಂತ ಬರಾಕತ್ತದ!"

ಹೊಸ್ತಿಲ ಈಚೆ ನಾನು. ಆಚೆ, ಅಖಾಡದ ಅಂಚಿನಲ್ಲಿ, ಆ ಕೂಸು. ಕಾಲೆತ್ತಿದೆನೋ ಇಲ್ಲವೋ ನೆನಪಿಲ್ಲ. ನೆನಪಿರುವುದು ಇಷ್ಟು: ವಸ್ತಾದರು ತಲೆಯ ಪಟಕವನ್ನು ಒಂದೇ ಎಳೆತಕ್ಕೆ ಬಿಚ್ಚಿ, ಮಾರುತಿಯ ಗೂಡಿನ ಎರಡು ಗೂಟಗಳಿಗೆ ಅಡ್ಡ ಕಟ್ಟಿದರು. ದೇವರು ಮರೆಯಾದ.

"ದೇವರು ಮಲಗ್ಯಾನ. ಬರ್ರಿ ಒಳಗ!"

ಹೋದೆ. ಕೂಸಿನ ತುಟಿ ನೀಲಿಗಟ್ಟಿತ್ತು. ಅಂಗಾಲು ತಟ್ಟಿದೆ, ಎದೆ ತಿಕ್ಕಿದೆ, ಮುಖಕ್ಕೆ ತಣ್ಣೀರ ಬಟ್ಟೆ ಒತ್ತಿದೆ. ಉಸಿರು ನಿಂತಾಗ ಬಾಯಿಗೆ ಬಾಯಿ ಇಟ್ಟು ಮೆಲ್ಲನೆ ಊದಿದೆ. "ಮಲಗಾಕ ಬಿಡಬ್ಯಾಡ್ರಿ" ಎಂದು ಹೇಳಿದ್ದೇ ತಡ, ವಸ್ತಾದರು ಪಕ್ಕದಲ್ಲಿ ಕೂತು ಅಖಾಡದಲ್ಲಿ ಪಟ್ಟು ಹೇಳಿಕೊಡುವ ದನಿಯಲ್ಲಿ ಗರ್ಜಿಸತೊಡಗಿದರು: "ಏಳೋ ಮಗನ! ಏಳು! ಬೆನ್ನು ಮಣ್ಣಿಗೆ ಹಚ್ಚಬ್ಯಾಡ! ಏಳು!" ಶಿಷ್ಯ ಟಾಂಗಾ ತಂದ. ಆಸ್ಪತ್ರೆಯ ದಾರಿಯುದ್ದಕ್ಕೂ ನಾನು ಊದುತ್ತಿದ್ದೆ, ಅವರು ಗರ್ಜಿಸುತ್ತಿದ್ದರು. ಕುದುರೆ ಹೆದರಿ ಎಂದಿಗಿಂತ ಜೋರಾಗಿ ಓಡಿತು. ಅದೂ ಒಳ್ಳೆಯದೇ ಆಯಿತು.

ಸಂಜೆಯ ಹೊತ್ತಿಗೆ ಸಿದ್ರಾಮ ಅತ್ತ. ದನಿ ಬೆಕ್ಕಿನ ಮರಿಯದಷ್ಟೇ ಇತ್ತು. ವಸ್ತಾದರು ಆಸ್ಪತ್ರೆಯ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟರು. "ಮಾರುತಿ ಕೃಪಾ ಅಂತ ಊರ ತುಂಬ ಹೇಳಕೋತ ಬಂದೆನಲ್ರಿ ಬಾಯಾರ" ಎಂದರು. "ಇವತ್ತ ಇಂವ ಅತ್ತದ್ದರಾಗ ಖರೇ ಕೃಪಾ ಇತ್ತು ಬಿಡ್ರಿ" ಎಂದೆ.

ಓಡಿ ಬಂದಿದ್ದ ನೀಲವ್ವ ಮೂಲೆಯಲ್ಲಿ ಕೂತಿದ್ದಳು. ಬೈಯಬೇಕೆಂದು ಹತ್ತಿರ ಹೋದೆ.

"ಅತ್ರ ಶೇಠರು ತಾಲೀಮು ಬಂದ್ ಮಾಡಸ್ತಾರ ಅಂತ ಮುಕಾದಮ ದಿನಾ ಹೇಳತಿದ್ದಾ" ಎಂದಳು. ಮುಕಾದಮನೆಂದರೆ ಕಾರಖಾನೆಯ ಮೇಸ್ತ್ರಿ. "ಬಂದ್ ಆದ್ರ ಮತ್ತ ಮನ್ಯಾಗ ಒಬ್ಬನ್ನ ಹಾಕಿ ಬರಬೇಕಲ್ರಿ. ಇಲ್ಲಿ ವಸ್ತಾದ ಅಜ್ಜಾ ಎತಗೋತಾನ, ಎಣ್ಣಿ ಹಚ್ಚತಾನ. ಈ ಜಾಗಾ ಉಳೀಲಿ ಅಂತನ ಎಲ್ಲಾರೂ ಗೋಳಿ ಕೊಡತಿದ್ವಿ. ಇವತ್ತ ಅವನಿಗೆ ಹಲ್ಲ ಬರಾಕತ್ತಿದ್ವು, ರಚ್ಚಿ ಹಿಡದಿದ್ದಾ. ಎರಡ ಕೊಟ್ಟೆ."

ಬೈಯಲು ಹೋದವಳು ಅವಳ ಪಕ್ಕದಲ್ಲೇ ಕೂತೆ. ಯಾವ ಗುಳಿಗೆಯನ್ನು ಬಿಡಿಸಲು ಆ ಶಿಶುಗೃಹ ಶುರುವಾಗಿತ್ತೋ, ಅದೇ ಗುಳಿಗೆಯಿಂದ ಅವರು ಆ ಶಿಶುಗೃಹವನ್ನು ಕಾಯುತ್ತಿದ್ದರು.

ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಗುಳಿಗೆ ಬಿಡಲೇಬೇಕು, ಆದರೆ ತಮ್ಮ ಕಣ್ಣೆದುರಿನಲ್ಲಿ, ಹಂತಹಂತವಾಗಿ. ಬಿಡಿಸುವಾಗ ಕೂಸುಗಳಿಗೆ ಭೇದಿಯಾಗುತ್ತದೆ, ಮೈ ಅದುರುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಅಳುತ್ತವೆ. "ಊರು ಹಾರಿಹೋಗುವಂತೆ ಅಳುತ್ತವೆ. ತಡೆದುಕೊಳ್ಳುತ್ತೀರಾ?" ಎಂದು ಕೇಳಿದರು.

ನನಗಿಂತ ಮೊದಲೇ ವಸ್ತಾದರು, "ತಡಕೋತೀವ್ರಿ" ಎಂದರು.

ಡಾಕ್ಟರು ದಿನಾ ತಾಲೀಮಿಗೇ ಬಂದು ನೋಡತೊಡಗಿದರು. ಅಳು ಶುರುವಾಯಿತು. ಇಷ್ಟು ದಿನ ಒಳಗೆ ಕೂಡಿಟ್ಟಿದ್ದುದೆಲ್ಲ ಒಮ್ಮೆಲೇ ಹೊರಬಿದ್ದಂತಿತ್ತು. ಓಣಿಯ ನಾಯಿಗಳು ಜಾಗ ಬದಲಿಸಿದವು. ಪಟಕದ ಪರದೆ ಹಗಲೆಲ್ಲ ಇಳಿದೇ ಇರುತ್ತಿತ್ತು. ನಾನು, ಆಯಾ, ಬಿಡುವಾದಾಗ ತಾಯಂದಿರು, ಎಲ್ಲರೂ ಒಳಗೇ. "ಇಷ್ಟ ಗದ್ದಲದಾಗ ದೇವರಿಗೆ ನಿದ್ದಿ ಹತ್ತೀತೇನ್ರಿ?" ಎಂದು ಆಯಾ ಕೇಳಿದರೆ, "ಲಂಕಾ ಸುಟ್ಟಾಂವಗ ಇದ್ಯಾವ ಗದ್ದಲ?" ಎಂದರು ವಸ್ತಾದರು. ಕಾಕೂ ಬಂದು ಕಿವಿ ಮುಚ್ಚಿಕೊಂಡು, ಮಂಡಳದ ಹೆಸರು ಕೆಡುತ್ತದೆಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅದುರುತ್ತಿದ್ದ ಒಂದು ಕೂಸನ್ನು ಕಂಡು, ಸೆರಗು ಸಿಕ್ಕಿಸಿ ಕೂತುಬಿಟ್ಟರು. ಮತ್ತೆ ಮಂಡಳದ ಮಾತೆತ್ತಲಿಲ್ಲ.

ನಾನು ಹೆದರಿದ್ದ ದಿನ ಬಂತು. ಗೋವಿಂದಶೇಠರು ಮುಕಾದಮನನ್ನು ಹಿಂದಿಟ್ಟುಕೊಂಡು ಬಾಗಿಲಿಗೆ ಬಂದರು. ನಡುಗೋಡೆಯ ಮೇಲ್ಗಡೆ ಒಂದು ಗವಾಕ್ಷಿ ಇತ್ತು. ಅದರೊಳಗಿಂದ ಅಳು ನೇರ ಕಾರಖಾನೆಗೆ ಹೋಗುತ್ತಿತ್ತು.

"ಬಾಯಿ, ಇದು ನಡೆಯುವುದಿಲ್ಲ. ಒಬ್ಬಳ ಕೈಯೂ ಬೀಡಿಯ ಮೇಲಿಲ್ಲ. ಇವತ್ತಿಗೇ ಮುಚ್ಚಿ."

ಹಾಲೂಡಿಸಲು ಬಂದಿದ್ದ ತಾಯಂದಿರೆಲ್ಲ ನನ್ನ ಮುಖ ನೋಡಿದರು. ರಾತ್ರಿಯಿಡೀ ಕಟ್ಟಿಕೊಂಡಿದ್ದ ಒಳ್ಳೆಯ ಮರಾಠಿ ವಾಕ್ಯಗಳು ನನ್ನ ಬಾಯಲ್ಲಿ ಪುಡಿಯಾದವು.

ವಸ್ತಾದರು ಎದ್ದು ನಿಂತರು. ಗೋವಿಂದಶೇಠರು ಹುಡುಗರಾಗಿದ್ದಾಗ ಆ ಅಖಾಡದಲ್ಲೇ ಕುಸ್ತಿ ಕಲಿತವರು. ಒಮ್ಮೆ ಆ ಮಣ್ಣು ಮೈಗೆ ಹಚ್ಚಿಕೊಂಡವನು ಎಷ್ಟು ದೊಡ್ಡವನಾದರೂ ವಸ್ತಾದನ ಮಾತು ಮೀರುವಂತಿಲ್ಲ. ಅದು ಎಲ್ಲ ತಾಲೀಮುಗಳ ರೀತಿ.

"ಗೋವಿಂದಾ, ಚಪ್ಪಲಿ ಹೊರಗೆ ಬಿಡು. ಮಣ್ಣಿಗೆ ನಮಸ್ಕಾರ ಮಾಡಿ ಒಳಗೆ ಬಾ. ಮುಚ್ಚುವ ಮಾತು ಒಳಗೆ ಬಂದು ಆಡು" ಎಂದರು ಮರಾಠಿಯಲ್ಲಿ.

ಶೇಠರು ಮುಕಾದಮನ ಕಡೆ ಒಮ್ಮೆ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟರು, ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು. ತಲೆ ಎತ್ತುವಷ್ಟರಲ್ಲಿ ವಸ್ತಾದರು ಸಿದ್ರಾಮನನ್ನು ಅವರ ಕೈಗೆ ಕೊಟ್ಟಾಗಿತ್ತು. ಸಿದ್ರಾಮ ಆಸ್ಪತ್ರೆಯಿಂದ ಬಂದು ಎರಡು ದಿನವಾಗಿತ್ತಷ್ಟೆ. ಬೆನ್ನು ಬಿಲ್ಲಿನಂತೆ ಬಾಗಿಸಿ, ಮುಖ ಕೆಂಪಗೆ ಮಾಡಿ, ಶೇಠರ ಹೆಗಲ ಮೇಲಿನ ಜರತಾರಿ ಉಪರಣೆಯನ್ನು ಮುಷ್ಟಿಯಲ್ಲಿ ಹಿಡಿದು ಕಿರುಚಿದ. ಶೇಠರು ಎಡಕ್ಕೆ ತೂಗಿದರು, ಬಲಕ್ಕೆ ತೂಗಿದರು, ಕೆಮ್ಮಿದರು, ನಾಲಿಗೆಯಿಂದ ಟಕಟಕ ಸದ್ದು ಮಾಡಿದರು. ಅವನು ಇನ್ನೂ ಜೋರು ಮಾಡಿದ.

"ಅಯ್ಯೋ, ಇದಕ್ಕೇನಾದರೂ ಕೊಟ್ಟು ಮಲಗಿಸಿರಿ!" ಎಂದರು ಶೇಠರು.

ಬಾಗಿಲ ಬಳಿಯಿದ್ದ ನೀಲವ್ವ ಎರಡು ಹೆಜ್ಜೆ ಮುಂದೆ ಬಂದಳು. ಮುರುಕು ಮರಾಠಿಯಲ್ಲಿ, ತಲೆ ತಗ್ಗಿಸದೆ ಹೇಳಿದಳು:

"ಅದನ್ನೇ ಕೊಟ್ಟಿದ್ದೆ ಸಾಹೇಬರೇ. ಇನ್ನೊಂದಿಷ್ಟು ಹೆಚ್ಚಾಗಿದ್ದರೆ ಏಳುತ್ತಲೇ ಇರಲಿಲ್ಲ."

ಶೇಠರು ಕೂಸನ್ನು ನೋಡಿದರು. ಜೋಲಿಗಳನ್ನು ನೋಡಿದರು. ಕಾಕೂ ತಮ್ಮ ಮಡಿಲಿನ ಕೂಸಿನಿಂದ ಕಣ್ಣೆತ್ತಲಿಲ್ಲ. ನೀಲವ್ವನ ಕೈಗೆ ಸಿದ್ರಾಮನನ್ನು ಕೊಟ್ಟು, ಒಂದು ಮಾತೂ ಆಡದೆ ಶೇಠರು ಹೊರಟುಹೋದರು. ಹಣೆಯ ಮೇಲಿನ ಕೆಮ್ಮಣ್ಣನ್ನು ಒರೆಸಿಕೊಳ್ಳಲೂ ಇಲ್ಲ.

ಅವರು ಮಾತಾಡದೆ ಹೋದದ್ದು ನನಗೆ ಹೊಸ ಚಿಂತೆಯಾಯಿತು. ಮರುದಿನ ಬೆಳಿಗ್ಗೆ ಗವಂಡಿಯೊಬ್ಬ ಇಟ್ಟಿಗೆ ಸುಣ್ಣ ಹೊತ್ತು ಬಂದಾಗ, ಬಾಗಿಲನ್ನೇ ಮುಚ್ಚಿಸಲು ಕಳಿಸಿದ್ದಾರೆ ಎಂದುಕೊಂಡೆ. ಹಾಗಲ್ಲವಂತೆ. ಮುಕಾದಮ ಬಂದು ಹೇಳಿದ: ಶಿಶುಗೃಹ ನಡೆಯಲಿ ಎಂದಿದ್ದಾರೆ ಶೇಠರು, ಅತ್ತರೂ ಸರಿ, ಅಳು ಕೇಳಿಸದಂತೆ ಈ ಗವಾಕ್ಷಿಯೊಂದನ್ನು ಮುಚ್ಚಿಸಿಬಿಡಿ ಎಂದಿದ್ದಾರೆ. ಕಾಕೂ ಕೈಮುಗಿದರು. ನನಗೂ ಕಾಲು ನೆಲಕ್ಕೆ ಹತ್ತಿದಂತಾಯಿತು. ಇದಕ್ಕಿಂತ ಹೆಚ್ಚು ಯಾರು ಕೇಳಿಯಾರು?

ನೀಲವ್ವ ಕೇಳಿದಳು. ಕೂಸು ಒಪ್ಪಿಸಲು ಬಂದವಳು ಗವಂಡಿಯ ಏಣಿ ಹಿಡಿದು ನಿಂತಳು.

"ಮುಚ್ಚಬ್ಯಾಡ್ರಿ. ಅವು ಅಳೂದು ನಮಗ ಕೇಳಬೇಕು."

ಅವಳ ಹಿಂದೆ ಉಳಿದವರೂ ಬಂದು ನಿಂತರು. ಮುಕಾದಮ ಬೈದ, ಗವಂಡಿ ಬೀಡಿ ಹಚ್ಚಿ ಕೂತ, ಸುಣ್ಣ ಒಣಗಿತು. ಕಡೆಗೆ ಶೇಠರಿಗೆ ಸುದ್ದಿ ಹೋಯಿತು. ಇಟ್ಟಿಗೆ ವಾಪಸಾಯಿತು. ಅಂದಿನಿಂದ ತಾಯಂದಿರು ಬೀಡಿ ಸುತ್ತುತ್ತಲೇ ಕಿವಿಗೊಡುತ್ತಿದ್ದರು. "ಇದು ನಿಂದು", "ಇದು ನಂದಲ್ಲ, ನಂದು ಗೊಗ್ಗರ ದನಿ" ಎಂದು ನಗುತ್ತಿದ್ದರಂತೆ. ಮೊದಲ ವಾರಗಳ ಅಳು ಕಳೆದ ಮೇಲೆ ಉಳಿದದ್ದು ಸಾದಾ ಅಳು: ಹಸಿವೆಯದು, ಒದ್ದೆಯದು, ಹಲ್ಲಿನದು. ಅದಕ್ಕೆ ಯಾರ ಕೈಯೂ ನಿಲ್ಲಲಿಲ್ಲ.

ಹಲವರು ಕೂಡಿ ಮಾಡುವ ಕೆಲಸದಲ್ಲಿ ಇದು ನನಗೆ ಹತ್ತಿದ ಪಾಠ. ಎಲ್ಲ ಚೆನ್ನಾಗಿ ನಡೆದಿದೆ ಎಂದು ಕಂಡಾಗ ಅದು ತಮ್ಮಿಂದಲೇ ಎನ್ನಲು ಎಲ್ಲರೂ ಇರುತ್ತಾರೆ. ನಮ್ಮ ತಾಲೀಮಿನ ಮೌನಕ್ಕೆ ಹಾಲು, ಶಿಸ್ತು, ದೇವರು ಎಂದು ಮೂವರು ಒಡೆಯರಿದ್ದರು. ಅಳುವಿಗೆ ಯಾರೂ ಇರಲಿಲ್ಲ. ಅಳು ನಮ್ಮದು ಎಂದು ಎಲ್ಲರೂ ಒಪ್ಪಿಕೊಂಡ ದಿನವೇ ಅದು ನಿಜವಾದ ಶಿಶುಗೃಹವಾಯಿತು. ಅಂದಿನಿಂದ ಯಾವ ಕೇಂದ್ರಕ್ಕೆ ಹೋದರೂ ನಾನು ಮೊದಲು ಬಾಗಿಲಲ್ಲಿ ನಿಂತು ಕಿವಿಗೊಡುತ್ತೇನೆ. ಸಂಗಡ ಬಂದವರು, ಬಾಯಾರಿಗೆ ಮೊಣಕಾಲು ನೋವೇನೋ ಎಂದುಕೊಳ್ಳುತ್ತಾರೆ. ಅದೂ ಇದೆ.

ನಡುವೆ ಯುದ್ಧ ಬಂತು, ಹೋಯಿತು. ನನ್ನ ನೌಕರಿ ಬೇರೆ ಪೇಟೆಗೆ ಬದಲಾಯಿತು. ಮೊನ್ನೆ ಏನೋ ಕೆಲಸಕ್ಕೆ ಆ ಓಣಿಯಲ್ಲಿ ಹೋಗುತ್ತಿದ್ದೆ. ಹೊರಡುವಾಗಿನಿಂದ ಒಂದೇ ಚಿಂತೆ: ಇನ್ನೂ ನಡೆದಿದೆಯೋ, ಮುಚ್ಚಿತೋ, ವಸ್ತಾದರು ಇದ್ದಾರೋ ಇಲ್ಲವೋ. ತಿರುವಿನ ಹತ್ತಿರ ಬರುತ್ತಿದ್ದಂತೆ ಒಂದು ಕೂಸು ರಚ್ಚೆ ಹಿಡಿದು ಅಳುವುದು ಕೇಳಿಸಿತು. ಅದರ ಬೆನ್ನಿಗೇ ಇನ್ನೊಂದು ಸೇರಿಕೊಂಡಿತು. ಎರಡರ ಮೇಲೂ ಒಂದು ಮುದಿ ದನಿ ಗರ್ಜಿಸುತ್ತಿತ್ತು: "ಏಳೋ ಮಗನ, ಏಳು!"

ಕೇಳಬೇಕಾದದ್ದು ಕೇಳಿಸಿತ್ತು. ನಾನು ನಿಲ್ಲದೆ ಮುಂದೆ ನಡೆದೆ.